ಎರಡು ಲಕೋಟೆಗಳ ಗುಟ್ಟು

2021ರ ಏಪ್ರಿಲ್‌ನಲ್ಲಿ ತಮಿಳುನಾಡು ವಿಧಾನಸಭಾ ಚುನಾವಣೆ. ಅದಕ್ಕೆ ಕೆಲವು ದಿನ ಮೊದಲು ಕೊಯಮತ್ತೂರಿನ ನಮ್ಮ ಮನೆಗೆ ಚುನಾವಣಾ ಸಿಬ್ಬಂದಿ ಬಂದರು. ಎಂಬತ್ತು ದಾಟಿದ ಉಮ್ಮ ಮನೆಯಲ್ಲೇ ಅಂಚೆ ಮತಪತ್ರದಲ್ಲಿ ಮತ ಹಾಕಲು ಅರ್ಜಿ ಕೊಟ್ಟಿದ್ದರು. ಅಭ್ಯಾಸಬಲದಿಂದ ನಾನು ಪಕ್ಕದಲ್ಲಿ ನಿಂತೆ. "ನೀವು ಸ್ವಲ್ಪ ಹೊರಗಿರಿ" ಎಂದರು ಅಧಿಕಾರಿ. ಮುಜುಗರವಾಯಿತು. ಆಮೇಲೆ ಓದಿ ನೋಡಿದಾಗ ಅವರು ಮಾಡಿದ್ದೇ ಸರಿ ಅನಿಸಿತು.

1952ರ ಮೊದಲ ಚುನಾವಣೆಯಲ್ಲಿ ಮಂಗಳೂರು, ಕೊಯಮತ್ತೂರು ಎರಡೂ ಮದ್ರಾಸ್ ರಾಜ್ಯದಲ್ಲಿದ್ದವು. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಆಗ ಪ್ರತಿ ಅಭ್ಯರ್ಥಿಗೂ ಬೇರೆ ಪೆಟ್ಟಿಗೆ. ಮರೆಯೊಳಗೆ ಹೋಗಿ ಚೀಟಿ ಹಾಕಿದರೆ ಮುಗಿಯಿತು. ಆ ಮರೆಯೇ ಗುಟ್ಟನ್ನು ಕಾಯುತ್ತಿತ್ತು.

ಅಂಚೆ ಮತಕ್ಕೆ ಮರೆ ಎಲ್ಲಿದೆ? 1961ರ ಚುನಾವಣಾ ನಿಯಮಗಳು ಅದನ್ನು ಎರಡು ಲಕೋಟೆಗಳಲ್ಲಿ ಕಟ್ಟಿಕೊಟ್ಟಿವೆ. ಮತಪತ್ರ ಒಳಗಿನ ಸಣ್ಣ ಲಕೋಟೆಯಲ್ಲಿ. ಮತದಾರರ ಸಹಿಯಿರುವ ಘೋಷಣೆ ಅದರ ಹೊರಗೆ. ಎರಡೂ ಸೇರಿ ದೊಡ್ಡ ಲಕೋಟೆಯಲ್ಲಿ. ಎಣಿಕೆಯ ದಿನ ಮೊದಲು ಘೋಷಣೆಗಳನ್ನು ಪರಿಶೀಲಿಸುತ್ತಾರೆ. ಸರಿಯಿರುವುದನ್ನೆಲ್ಲ ಬೇರೆ ಕಟ್ಟಿನಲ್ಲಿಟ್ಟು ಮೊಹರು ಮಾಡಿದ ನಂತರವೇ ಒಳಲಕೋಟೆ ತೆರೆಯುವುದು. ಹೆಸರು ಒಂದು ಕಡೆ, ಮತ ಇನ್ನೊಂದು ಕಡೆ.

ಇದು ಮೊದಲು ಸೈನಿಕರಿಗೆ, ಚುನಾವಣಾ ಕರ್ತವ್ಯದ ನೌಕರರಿಗೆ, ಮುನ್ನೆಚ್ಚರಿಕೆ ಬಂಧನದಲ್ಲಿದ್ದವರಿಗೆ ಇತ್ತು. ಪಂಜಾಬಿನ ರಾಜ್ಯಸಭಾ ಚುನಾವಣೆಯ ಅಂಚೆ ಮತದ ವಿವಾದವೊಂದರಲ್ಲಿ ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿತು: ಗೌಪ್ಯತೆ ಮತದಾರನ ಹಕ್ಕು, ಅವನು ಇಚ್ಛಿಸಿದರೆ ಹೇಳಬಹುದು, ಯಾರೂ ಬಲವಂತದಿಂದ ಬಾಯಿ ಬಿಡಿಸುವಂತಿಲ್ಲ. 2019ರಲ್ಲಿ ಎಂಬತ್ತು ದಾಟಿದವರಿಗೂ ಅಂಗವಿಕಲರಿಗೂ ಈ ಅವಕಾಶ ಸಿಕ್ಕಿತು. 2024ರಲ್ಲಿ ವಯಸ್ಸಿನ ಮಿತಿ 85ಕ್ಕೆ ಏರಿತು.

ಗಲ್ಫ್‌ನಲ್ಲಿರುವ ನಮ್ಮವರಿಗೆ ಮಾತ್ರ ಇದಿಲ್ಲ. ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಬರಬೇಕು. ಚುನಾವಣಾ ಆಯೋಗ 2020ರಲ್ಲಿ ಅವರಿಗೂ ಅಂಚೆ ಮತ ಕೊಡುವ ಪ್ರಸ್ತಾವ ಇಟ್ಟಿತ್ತು. ಮುಂದೊಂದು ದಿನ ಅದು ಬಂದರೆ, ಎಂಟು ಜನ ಮಲಗುವ ಕೋಣೆಯಲ್ಲಿ, ಕಫೀಲನ ಕಣ್ಣೆದುರು ಮರೆ ಎಲ್ಲಿ ಸಿಗುತ್ತದೆ ಎಂದು ಈಗಲೇ ಕೇಳಬೇಕು.

ಎಣಿಕೆಯ ಮೇಜಿನ ಮೇಲೆ ಲಕೋಟೆ ಗುಟ್ಟು ಕಾಯುತ್ತದೆ. ಮನೆಯೊಳಗೆ ಕಾಯಬೇಕಾದವರು ನಾವೇ. ನಮ್ಮ ಮನೆಗಳಲ್ಲಿ ಹೆಂಗಸರ ಮತವನ್ನು ಗಂಡಸರು ತೀರ್ಮಾನಿಸುವುದು ಹೊಸತಲ್ಲ. ನಾನೂ ಅಂದು ಅದಕ್ಕೇ ನಿಂತಿದ್ದೆನೇನೋ.

ಸಂಜೆ ಕೇಳಿದೆ, "ಯಾರಿಗೆ ಹಾಕಿದಿರಿ?" ಉಮ್ಮ ನಕ್ಕರು: "ಅದು ಅಮಾನತ್, ಮಗಾ."

ಮತ್ತೆ ಕೇಳಲಿಲ್ಲ.