ಹಾಸ್ಯವಿದ್ಯೆಯೂ ಅದರ ಗುರುಕುಲಗಳೂ

ಹಾಸ್ಯವನ್ನು ಪಾಠ ಹೇಳಿ ಕಲಿಸಬಹುದೇ ಎಂದು ಕೇಳಿದೊಡನೆ ಬಹುಮಂದಿ ನಗುವರು. ಸಂಗೀತಕ್ಕೆ ಪಾಠವುಂಟು, ವ್ಯಾಕರಣಕ್ಕೆ ಪಾಠವುಂಟು. ನಗಿಸುವ ಶಕ್ತಿಯಾದರೋ ಹುಟ್ಟಿನೊಡನೆ ಬರತಕ್ಕದ್ದೆಂಬುದು ಲೋಕದ ಮತ. ಈಚೆಗೆ ಅಂತರ್ಜಾಲದ ಮೂಲಕ ಹಾಸ್ಯಲೇಖನವನ್ನೂ ಹಾಸ್ಯಾಭಿನಯವನ್ನೂ, ಅದರಿಂದಲೇ ಜೀವನ ಸಾಗಿಸುವ ಬಗೆಯನ್ನೂ ಶುಲ್ಕ ಪಡೆದು ಬೋಧಿಸುವ ಪಾಠಕ್ರಮಗಳು ಹೊರಟಿವೆ. 2017ನೆಯ ಇಸವಿಯಲ್ಲಿ ಅಮೆರಿಕದ ಪ್ರಸಿದ್ಧ ಹಾಸ್ಯನಟನಾದ ಸ್ಟೀವ್ ಮಾರ್ಟಿನ್ ಎಂಬವನು ಮಾಸ್ಟರ್‌ಕ್ಲಾಸ್ ಎಂಬ ಸಂಸ್ಥೆಯ ದ್ವಾರಾ ಇಂತಹ ಪಾಠಗಳನ್ನು ಹೇಳಿದನು. ಇದನ್ನು ಹೊಸ ಕಾಲದ ಹುಚ್ಚೆಂದು ತಳ್ಳಿಬಿಡುವುದು ಉಚಿತವಲ್ಲ. ಹಾಸ್ಯವಿದ್ಯೆಗೆ ಶಾಸ್ತ್ರ, ಸಭೆ, ವೃತ್ತಿ ಎಂದು ಮೂರು ಅಂಗಗಳು. ಇವು ಹಿಂದೆ ಹೇಗೆ ಕೂಡಿದ್ದುವು, ಈಗ ಹೇಗೆ ಅಗಲುತ್ತಿವೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ದೇಶದಲ್ಲಿ ಹಾಸ್ಯಕ್ಕೆ ಶಾಸ್ತ್ರವುಂಟಾದುದು ಬಹು ಪ್ರಾಚೀನ ಕಾಲದಲ್ಲಿ. ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯವು ಹಾಸ್ಯವನ್ನು ಎಂಟು ರಸಗಳಲ್ಲಿ ಒಂದನ್ನಾಗಿ ಎಣಿಸಿ, ಹಾಸವೇ ಅದರ ಸ್ಥಾಯಿಭಾವವೆಂದೂ, ವಿಕೃತವಾದ ವೇಷ, ಧಾರ್ಷ್ಟ್ಯ, ಲೌಲ್ಯ, ಅಸಂಬದ್ಧ ಪ್ರಲಾಪ ಮುಂತಾದುವು ಅದರ ವಿಭಾವಗಳೆಂದೂ ನಿರೂಪಿಸುತ್ತದೆ. ನಗೆಯಲ್ಲಿ ಆರು ಭೇದಗಳು: ಸ್ಮಿತ ಹಸಿತಗಳು ಉತ್ತಮರಿಗೆ, ವಿಹಸಿತ ಉಪಹಸಿತಗಳು ಮಧ್ಯಮರಿಗೆ, ಅಪಹಸಿತ ಅತಿಹಸಿತಗಳು ಅಧಮರಿಗೆ. ಹಲ್ಲು ಕಾಣಿಸದ ಮುಗುಳ್ನಗೆಯಿಂದ ಮೊದಲುಮಾಡಿ, ಕಣ್ಣಲ್ಲಿ ನೀರು ತುಂಬಿ ಎರಡು ಪಕ್ಕೆಗಳನ್ನೂ ಹಿಡಿದುಕೊಳ್ಳುವ ನಗೆಯವರೆಗೆ, ವೈದ್ಯನು ಜ್ವರಭೇದಗಳನ್ನು ಹೇಳುವಂತೆ ಭರತನು ವಿವರಿಸಿರುವನು.

ಇಷ್ಟನ್ನೇ ಓದಿದವರು ಶಾಸ್ತ್ರವೊಂದಿದ್ದರೆ ಸಾಕೆಂದು ತಿಳಿಯಬಹುದು. ಆದರೆ ಅದೇ ಗ್ರಂಥದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಪ್ರಯೋಗದ ಸಿದ್ಧಿಯನ್ನು ಅಳೆಯುವ ಲಕ್ಷಣಗಳನ್ನು ಹೇಳಿದೆ. ಅಲ್ಲಿ ಮಾನುಷೀ ಸಿದ್ಧಿಯ ಗುರುತುಗಳಲ್ಲಿ ಪ್ರೇಕ್ಷಕರ ಮುಗುಳ್ನಗೆ, ಅರೆನಗೆ, ಗಹಗಹಿಸುವ ನಗೆ ಇವು ಸೇರಿವೆ. ಅಂದಮೇಲೆ ನಟನಿಗೆ ಕಡೆಯ ಪರೀಕ್ಷೆ ಮಾಡತಕ್ಕವರು ಸಭಿಕರೇ ಎಂದು ಶಾಸ್ತ್ರಕಾರನೇ ಒಪ್ಪಿದಂತಾಯಿತು.

ಈ ಪರೀಕ್ಷೆಗೆ ಶಿಷ್ಯನನ್ನು ಅಣಿಮಾಡುವ ಪದ್ಧತಿಗಳು ನಮ್ಮ ನೆರೆಯಲ್ಲಿಯೇ ಬೆಳೆದುವು. ಕೇರಳದ ಕೂಡಿಯಾಟ್ಟದಲ್ಲಿ ವಿದೂಷಕನ ಪಾತ್ರವನ್ನು ವಹಿಸತಕ್ಕ ಚಾಕ್ಯಾರನು ಸಂಸ್ಕೃತವನ್ನು ಓದಿ, ಅದರ ಅರ್ಥವನ್ನು ದೇಶಭಾಷೆಯಲ್ಲಿ ವಿನೋದವಾಗಿ ವಿಸ್ತರಿಸಿ, ಎದುರಿಗೆ ಕುಳಿತವರನ್ನೂ ಹಾಸ್ಯಕ್ಕೆ ಎಳೆದುಕೊಳ್ಳುವ ಅಧಿಕಾರವುಳ್ಳವನು. ಈ ವಿದ್ಯೆಯು ತಲೆಮಾರುಗಳ ಕಾಲ ಕೆಲವೇ ಮನೆತನಗಳಲ್ಲಿ ಉಳಿದಿತ್ತು. 1965ರಲ್ಲಿ ಕೇರಳ ಕಲಾಮಂಡಲದಲ್ಲಿ ಪೈಂಕುಳಂ ರಾಮ ಚಾಕ್ಯಾರರ ನೇತೃತ್ವದಲ್ಲಿ ಪಾಠ ಪ್ರಾರಂಭವಾದ ಮೇಲೆ ಹೊರಗಿನವರಿಗೂ ದೊರೆಯಿತು. ನಮ್ಮ ಯಕ್ಷಗಾನದಲ್ಲಿಯಾದರೋ ಎಳೆಯ ಶಿಷ್ಯರಿಗೆ ಪೂರ್ವರಂಗದಲ್ಲಿಯೇ ಕೋಡಂಗಿಯ ವೇಷ ಕೊಡುವುದು ರೂಢಿ. ಸಭೆ ಇನ್ನೂ ಪೂರ್ತಿ ನೆರೆಯದ ಹೊತ್ತಿನಲ್ಲಿ ಹುಡುಗನು ಕುಣಿದು ತಪ್ಪಿದರೆ ಮೇಳಕ್ಕೆ ನಷ್ಟವಿಲ್ಲ. ಅವನಿಗೆ ಮಾತ್ರ ಜನರ ಎದುರು ನಿಲ್ಲುವ ಅಭ್ಯಾಸವಾಗುವುದು. ಇದಕ್ಕಿಂತ ವಿವೇಕಯುಕ್ತವಾದ ಪಾಠಕ್ರಮವನ್ನು ಕಾಣುವುದು ಕಷ್ಟ.

ಇನ್ನು ವೃತ್ತಿಯ ಮಾತು. ಇಟಲಿಯ ಪಾದುವ ನಗರದಲ್ಲಿ 1545ನೆಯ ಇಸವಿ ಫೆಬ್ರವರಿ 25ರಂದು ಎಂಟು ಮಂದಿ ನಟರು ಕೂಡಿ ಒಂದು ಒಡಂಬಡಿಕೆಯ ಪತ್ರವನ್ನು ಬರೆಯಿಸಿದರು. ಮಂಡಲಿಗೆ ಒಬ್ಬನು ಮುಖಂಡ; ಗಳಿಕೆಯನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟು ಹಂಚಿಕೊಳ್ಳಬೇಕು; ಸಾಮಾನು ಹೊರಲು ಸಾಮೂಹಿಕ ಹಣದಿಂದ ಕುದುರೆ ಕೊಳ್ಳಬೇಕು; ರೋಗದಲ್ಲಿ ಬಿದ್ದವನನ್ನು ಮಂಡಲಿಯೇ ಪೋಷಿಸಬೇಕು ಎಂಬಿವು ಅದರ ಕರಾರುಗಳು. ಕಾಮೆಡಿಯಾ ದೆಲ್ಲಾರ್ತೆ ಎಂಬ ಪ್ರಖ್ಯಾತ ಹಾಸ್ಯನಾಟಕ ಸಂಪ್ರದಾಯದ ಆರಂಭವನ್ನು ಚರಿತ್ರಕಾರರು ಈ ಪತ್ರದಿಂದಲೇ ಗುರುತಿಸುವರು. ನಗಿಸುವವರು ಮೊದಲು ಬರೆದಿಟ್ಟುದು ಹಾಸ್ಯೋಕ್ತಿಯನ್ನಲ್ಲ, ಲೆಕ್ಕವನ್ನು, ಎಂಬುದು ಗಮನಾರ್ಹ. ಅವರ ಕಥಾಸೂತ್ರಗಳು ಫ್ಲಾಮಿನಿಯೊ ಸ್ಕಾಲ ಎಂಬವನಿಂದ ಅಚ್ಚಾದುದು 1611ರಲ್ಲಿ. ಆ ಗ್ರಂಥದಲ್ಲಿ ಕಥೆಯ ಎಲುಬುಗೂಡು ಮಾತ್ರ ಉಂಟು. ಮಾತುಗಳನ್ನು ನಟನು ರಂಗದ ಮೇಲೆಯೇ ಕಲ್ಪಿಸಿಕೊಳ್ಳಬೇಕಾಗಿತ್ತು.

ಶಾಸ್ತ್ರ, ಸಭೆ, ವೃತ್ತಿ ಈ ಮೂರೂ ಒಂದೇ ಚಪ್ಪರದ ಕೆಳಗೆ ದೊರೆತುದು ವೃತ್ತಿನಾಟಕ ಮಂಡಲಿಗಳಲ್ಲಿ. ಚಾರ್ಲಿ ಚಾಪ್ಲಿನ್ನನು 1908ರಲ್ಲಿ ಲಂಡನಿನ ಫ್ರೆಡ್ ಕಾರ್ನೊ ಎಂಬವನ ಮಂಡಲಿಯನ್ನು ಸೇರಿ, ಮಾತಿಲ್ಲದ ವಿನೋದದೃಶ್ಯಗಳನ್ನು ರಾತ್ರಿ ರಾತ್ರಿಯೂ ಆಡಿ, ಅದೇ ಮಂಡಲಿಯೊಡನೆ ಅಮೆರಿಕಕ್ಕೆ ಹೋದನು. 1913ರಲ್ಲಿ ಕೀಸ್ಟೋನ್ ಚಿತ್ರಸಂಸ್ಥೆಯವರು ಅವನನ್ನು ವಾರಕ್ಕೆ 150 ಡಾಲರುಗಳ ಸಂಬಳಕ್ಕೆ ಕರೆದುಕೊಂಡರು. ನಮ್ಮ ನಾಡಿನಲ್ಲಿ 1884ರಲ್ಲಿ ಸ್ಥಾಪಿತವಾದ ಗುಬ್ಬಿ ನಾಟಕ ಮಂಡಲಿಯನ್ನು ಬಾಲ್ಯದಲ್ಲಿಯೇ ಸೇರಿದ ವೀರಣ್ಣನವರು ಹಾಸ್ಯಪಾತ್ರಗಳಿಂದ, ವಿಶೇಷವಾಗಿ ಸದಾರಮೆಯ ಕಳ್ಳನ ಪಾತ್ರದಿಂದ, ಮನೆಮಾತಾಗಿ, ಮುಂದೆ ಆ ಮಂಡಲಿಯ ಒಡೆಯರೇ ಆದರು. ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದ ಈ ಮಹನೀಯರು ಮೇವಿನ ವೆಚ್ಚವನ್ನೂ ನಗೆಯ ಬೆಲೆಯನ್ನೂ ಬಲ್ಲವರಾಗಿದ್ದರು.

ಹಾಗೆಂದು ಆ ಕಾಲವನ್ನು ಕೇವಲ ಹೊಗಳುವುದು ನ್ಯಾಯವಲ್ಲ. ವೃತ್ತಿಮಂಡಲಿಗಳಲ್ಲಿ ಕಲಿಯಬೇಕಾದ ಬಾಲಕರು ತಾಯಿತಂದೆಗಳನ್ನಗಲಿ, ಶಾಲೆಯನ್ನು ಬಿಟ್ಟು, ಊರೂರು ಅಲೆಯಬೇಕಾಗಿತ್ತು. ಆಟಕ್ಕೆ ಜನ ಬಾರದಿದ್ದರೆ ಊಟಕ್ಕೂ ಸಂಕಟ. ಸಂಭಾವಿತ ಕುಟುಂಬದ ಹೆಣ್ಣುಮಕ್ಕಳಿಗಂತೂ ಆ ಬಾಗಿಲು ಬಹುಕಾಲ ಮುಚ್ಚಿದ್ದಿತು. ಈ ದಿವಸ ದೂರದ ಹಳ್ಳಿಯ ಒಬ್ಬ ಹುಡುಗಿಯು ತನ್ನ ಮನೆಯ ಮೂಲೆಯಲ್ಲಿ ಕುಳಿತು, ವಿದ್ಯಾಭ್ಯಾಸವನ್ನು ಕೆಡಿಸಿಕೊಳ್ಳದೆ, ಕಥನಕ್ರಮವನ್ನೂ ಮಾತಿನ ಕಾಲಪ್ರಮಾಣವನ್ನೂ ಕರಾರುಪತ್ರದ ವಿವರಗಳನ್ನೂ ತಿಳಿಯಬಹುದಾಗಿದ್ದರೆ ಅದು ದೊಡ್ಡ ಲಾಭವೇ ಸರಿ.

ಆದರೆ ಲಾಭದ ಜೊತೆಯಲ್ಲಿ ನಷ್ಟವನ್ನೂ ಎಣಿಸಬೇಕು. ಅಮೆರಿಕದ ಶಿಕಾಗೊ ನಗರದಲ್ಲಿ 1959ರಲ್ಲಿ ಹುಟ್ಟಿದ ಸೆಕೆಂಡ್ ಸಿಟಿ ಎಂಬ ಹಾಸ್ಯರಂಗವು, ವಯೋಲಾ ಸ್ಪೋಲಿನ್ ಎಂಬಾಕೆಯು ಮಕ್ಕಳಿಗಾಗಿ ರಚಿಸಿದ ಆಟಗಳ ತಳಹದಿಯ ಮೇಲೆ ಆಶುನಾಟಕವನ್ನು ಬೆಳೆಸಿತು. ಕಾಲಕ್ರಮದಲ್ಲಿ ಇಂತಹ ರಂಗಗಳಿಗೆ ಟಿಕೀಟಿನ ಹಣದೊಡನೆ ಶಿಷ್ಯರ ಶುಲ್ಕವೂ ಮುಖ್ಯವಾದ ಆದಾಯವಾಯಿತು. 2020ರ ಮಹಾಮಾರಿಯಲ್ಲಿ ರಂಗಗಳು ಮುಚ್ಚಿದಾಗ ಪಾಠಗಳು ಅಂತರ್ಜಾಲಕ್ಕೆ ಸಾಗಿದುವು. ನ್ಯೂಯಾರ್ಕಿನ ಅಪ್‌ರೈಟ್ ಸಿಟಿಜನ್ಸ್ ಬ್ರಿಗೇಡ್ ಎಂಬ ಸಂಸ್ಥೆಯು ಆ ವರ್ಷದ ಏಪ್ರಿಲಿನಲ್ಲಿ ಅಲ್ಲಿನ ತನ್ನ ರಂಗವನ್ನೂ ಶಾಲೆಯನ್ನೂ ಮುಚ್ಚಿತು. ಆಗ ಮನೆಯಿಂದ ಪಾಠ ಕೇಳಿದ ಶಿಷ್ಯರು ತಮ್ಮ ಧ್ವನಿಯನ್ನು ಅಡಗಿಸಿ ಯಂತ್ರದ ಮುಂದೆ ಕುಳಿತುದರಿಂದ, ಹಾಸ್ಯವನ್ನು ಹೇಳಿದವನಿಗೆ ಕೇಳಿಬಂದುದು ಬರಿಯ ಮೌನ. ಎಲ್ಲಿ ನಿಲ್ಲಬೇಕು, ಯಾವ ಮಾತನ್ನು ಬಿಡಬೇಕು, ಯಾವುದು ಕೇಳುವವರ ಮನಸ್ಸನ್ನು ನೋಯಿಸಿತು ಎಂಬುದನ್ನು ಹೇಳಿಕೊಡುವ ಗುರುವೇ ಅಲ್ಲಿ ಗೈರುಹಾಜರು. ನೋಡಿದವರ ಎಣಿಕೆಯು ಸಾವಿರವನ್ನು ಮುಟ್ಟಿದರೂ, ಅವರು ನಕ್ಕರೋ ಬೇಸತ್ತರೋ ಎಂಬುದು ಆ ಎಣಿಕೆಯಿಂದ ತಿಳಿಯದು. ಕಲಿಸುವವರು ಹೆಚ್ಚಿ ಆಡಿಸುವ ವೇದಿಕೆಗಳು ಕಡಮೆಯಾದರೆ, ಕಲಿತವರಿಗೆ ಕಲಿಸುವುದೊಂದೇ ಜೀವನೋಪಾಯವಾಗಿ, ವಿದ್ಯೆಯು ಹೊರಗಿನ ಲೋಕವನ್ನು ಮುಟ್ಟದೆ ತನ್ನಲ್ಲಿಯೇ ಸುತ್ತತೊಡಗುವುದು.

ಆದಕಾರಣ ಅಂತರ್ಜಾಲದ ಪಾಠವನ್ನು ನಿಂದಿಸುವುದಕ್ಕಿಂತ, ಅದರಲ್ಲಿಲ್ಲದ ಅಂಗವನ್ನು ನಾವು ಪೂರೈಸುವುದು ಮೇಲು. ಶಾಸ್ತ್ರವು ಈಗ ಎಲ್ಲರ ಕೈಗೂ ಎಟುಕಿದೆ. ಸಭೆಯನ್ನು ಮಾತ್ರ ಯಾವ ಯಂತ್ರವೂ ಮನೆಗೆ ತಂದುಕೊಡಲಾರದು. ಪ್ರತಿಯೊಂದು ಜಿಲ್ಲೆಯ ಸಾಹಿತ್ಯ ಸಂಘವೂ ತಿಂಗಳಿಗೊಂದು ಸಂಜೆ ತನ್ನ ಸಭಾಭವನವನ್ನು ಇಂತಹ ತರುಣ ತರುಣಿಯರಿಗೆ ತೆರೆದು, ಒಬ್ಬೊಬ್ಬರಿಗೆ ಹತ್ತು ನಿಮಿಷಗಳನ್ನೂ ಅಲ್ಪವಾದರೂ ಒಂದು ಸಂಭಾವನೆಯನ್ನೂ ಕೊಡುವುದಾದರೆ, ಅದೇ ಅವರಿಗೆ ಕೋಡಂಗಿಯ ವೇಷ. ಸಭಿಕರ ಕಡೆಯಿಂದ ಬೇಕಾದುದು ಸ್ವಲ್ಪ ತಾಳ್ಮೆ. ನಗು ಬಂದಾಗ ಅದನ್ನು ತಡೆಯದಿರುವುದು, ಬಾರದಾಗ ದಾಕ್ಷಿಣ್ಯಕ್ಕಾಗಿ ನಗದಿರುವುದು. ಭರತನು ಪ್ರೇಕ್ಷಕನಿಗೆ ವಹಿಸಿದ ಪರೀಕ್ಷಕನ ಕೆಲಸವನ್ನು ಈ ರೀತಿಯಲ್ಲಿ ನಾವು ನಡೆಯಿಸಿಕೊಟ್ಟಂತಾಗುವುದು.