ಮೊಸಳೆ ಮಾಂಸ ಮತ್ತು ನಮ್ಮೂರ ಹಳ್ಳದ ಏಡಿ

ಹೋದ ವರ್ಷ ಆಫೀಸಿನ ಕೆಲಸದ ಮೇಲೆ ಮೂರು ತಿಂಗಳು ಅಮೆರಿಕದ ಹ್ಯೂಸ್ಟನ್ನಿನಲ್ಲಿದ್ದೆ. ಅಲ್ಲಿ ನಮ್ಮ ಟೀಮಿನಲ್ಲಿ ಪಕ್ಕದ ಲೂಸಿಯಾನಾ ರಾಜ್ಯದವನೊಬ್ಬನಿದ್ದ. ಒಂದು ಶನಿವಾರ ಮನೆಗೆ ಊಟಕ್ಕೆ ಕರೆದ. ಹೋಗಿ ನೋಡಿದರೆ ಅಡುಗೆಮನೆಯಲ್ಲಿ ಒಂದು ಬೋಗುಣಿ ತುಂಬ ಬೆಳ್ಳಗಿನ ಮಾಂಸದ ತುಂಡುಗಳು ಮಜ್ಜಿಗೆಯಲ್ಲಿ ಮುಳುಗಿ ಕೂತಿದ್ದವು. ಕೋಳಿ ಇರಬೇಕು ಅಂದುಕೊಂಡೆ. "ಅಲಿಗೇಟರ್" ಅಂದ. ಅಂದ್ರೆ ಮೊಸಳೆ! ಸರಿಯಾಗಿ ಹೇಳಬೇಕಂದ್ರೆ ಮೊಸಳೆಯ ದಾಯಾದಿ. ಬಾಯಿ ಮುಚ್ಚಿದಾಗ ನಮ್ಮ ಮೊಸಳೆಯ ಕೆಳದವಡೆಯ ನಾಲ್ಕನೇ ಹಲ್ಲು ಹೊರಗೆ ಕಾಣುತ್ತೆ, ಅಲಿಗೇಟರಿನದ್ದು ಕಾಣಲ್ಲ. ಅಷ್ಟೇ ವ್ಯತ್ಯಾಸ ಅಂತ ಅವನೇ ನಗುತ್ತಾ ಪಾಠ ಮಾಡಿದ.

ನಮ್ಮದು ಲಿಂಗಾಯತರ ಮನೆ, ಮೊಟ್ಟೆ ಕೂಡ ಒಳಗೆ ಬಂದಿಲ್ಲ. ಹಾಗಾಗಿ ನಾನು ತಿನ್ನಲಿಲ್ಲ. ಆದರೆ ಪಕ್ಕದಲ್ಲಿ ನಿಂತು ಮಾಡೋದನ್ನ ಪೂರ್ತಿ ನೋಡಿದೆ. ಬಾಲದ ಮಾಂಸ ಎಲ್ಲಕ್ಕಿಂತ ಮೆತ್ತಗೆ. ಅದರ ಮೇಲಿನ ಕೊಬ್ಬನ್ನು ಒಂದು ಚೂರೂ ಬಿಡದೆ ಕೆತ್ತಿ ತೆಗೀಬೇಕು, ಇಲ್ಲಾಂದ್ರೆ ಕೆಸರಿನ ವಾಸನೆ ಉಳಿಯುತ್ತಂತೆ. ಸಣ್ಣ ತುಂಡು ಮಾಡಿ ಮಜ್ಜಿಗೆಯಲ್ಲಿ ನೆನೆಸಿ, ಖಾರದ ಪುಡಿ ಉಪ್ಪು ಬೆರೆಸಿದ ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ, ಕಾದ ಎಣ್ಣೆಯಲ್ಲಿ ಎರಡು ಮೂರು ನಿಮಿಷ ಕರೀಬೇಕು. ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಂದಂತೆ. ಹೆಚ್ಚು ಬಿಟ್ಟರೆ ರಬ್ಬರು. ಕಾಲಿನ ಮಾಂಸ ಗಟ್ಟಿ, ಅದಕ್ಕೆ ಟೊಮೆಟೊ, ಈರುಳ್ಳಿ, ದೊಣ್ಣೆ ಮೆಣಸಿನಕಾಯಿ ಹಾಕಿ ಸಣ್ಣ ಉರಿಯಲ್ಲಿ ತಾಸುಗಟ್ಟಲೆ ಕುದಿಸಿದ ಗಸಿಯೇ ಸರಿ. ಈ ಪ್ರಾಣಿ 1967ರಲ್ಲಿ ಅಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತ್ತು, ಚೇತರಿಸಿಕೊಂಡಿದೆ ಅಂತ 1987ರಲ್ಲಿ ಘೋಷಿಸಿದರು. ಈಗ ಸಾಕಣೆ ಕೇಂದ್ರಗಳಿಂದ ಮಾಂಸ ಪ್ಯಾಕೆಟ್ಟಿನಲ್ಲಿ ಬರುತ್ತೆ.

ರಾತ್ರಿ ಅವ್ವನಿಗೆ ಫೋನು ಮಾಡಿ ಹೇಳಿದೆ. "ಶಿವ ಶಿವಾ! ನೀ ಏನೂ ಬಾಯಾಗ ಇಟ್ಟಿಲ್ಲ ಹೌದಿಲ್ಲೋ?" ಅಂದಳು. ಇಲ್ಲ ಅಂದ ಮೇಲೆ ಸಮಾಧಾನ. "ನಮ್ಮ ಕಡೆ ಇಂಥಾವೆಲ್ಲಾ ಯಾರೂ ತಿಂತಿದ್ದಿಲ್ಲಪಾ" ಅಂತ ಸೇರಿಸಿದಳು. ಆ ಮಾತು ತಲೆಯಲ್ಲಿ ಕೂತುಬಿಡ್ತು. ನಿಜಕ್ಕೂ ಯಾರೂ ತಿಂತಿರಲಿಲ್ವಾ?

ನಮ್ಮೂರು ತಿರ್ಲಾಪುರ, ನವಲಗುಂದದ ಕಡೆ. ಎರೆಮಣ್ಣಿನ ನಾಡು. ನಮಗೆ ಮೊಸಳೆ ಅಂದ್ರೆ ಕೃಷ್ಣಾ ನದಿ ಕಡೆಯ ಸುದ್ದಿ. 2019ರ ಆಗಸ್ಟಿನ ನೆರೆಯಲ್ಲಿ ರಾಯಬಾಗ ತಾಲೂಕಿನಲ್ಲಿ ಒಂದು ಮೊಸಳೆ ಮನೆಯ ಮಾಳಿಗೆ ಮೇಲೆ ಮಲಗಿದ್ದ ವಿಡಿಯೋ ನೀವೂ ನೋಡಿರಬಹುದು. ಅದನ್ನ ಬಿಟ್ಟರೆ ದಾಂಡೇಲಿಯ ಕಾಳಿ ನದಿ, ರಂಗನತಿಟ್ಟಿನ ಬಂಡೆಗಳು. ನೋಡಿ ಫೋಟೋ ಹೊಡಕೊಂಡು ಬರೋದು, ಅಷ್ಟೇ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಮೊಸಳೆಯಿದೆ, ಬೇಟೆ ಆಡಿದರೆ ಜೈಲು. ಚರ್ಮಕ್ಕಾಗಿ ಕೊಂದು ಕೊಂದು ಮುಗಿಯುವ ಹಂತಕ್ಕೆ ಬಂದಿತ್ತು. 1975ರಲ್ಲಿ ಮೊಸಳೆ ಯೋಜನೆ ಶುರುವಾದ ಮೇಲೆ ಮತ್ತೆ ಸಂತತಿ ಬೆಳೀತು. ಆದ್ದರಿಂದ ಇದನ್ನ ಓದಿ ಯಾರೂ ಬೋಗುಣಿ ಹಿಡಕೊಂಡು ದಾಂಡೇಲಿಗೆ ಹೋಗಬೇಡಿ :)

ಇದು ಈಗಿನ ಮಾತು. ಹಿಂದೆ? ರಜೆಯಲ್ಲಿ ಧಾರವಾಡಕ್ಕೆ ಬಂದಾಗ ಒಂದು ವಾರ ಪುಸ್ತಕ ಹಿಡಿದು ಕೂತೆ. ಸಂಸ್ಕೃತ ನನಗೆ ಅಷ್ಟಕ್ಕಷ್ಟೇ, ಅನುವಾದದ ಜೊತೆಗೇ ಓದಬೇಕು. ಆದರೂ ಮೊದಲ ದಿನವೇ ಬೆಚ್ಚಿಬಿದ್ದೆ. ಚರಕ ಸಂಹಿತೆಯ ಸೂತ್ರಸ್ಥಾನದ 27ನೇ ಅಧ್ಯಾಯ ಪೂರ್ತಿ ಅನ್ನಪಾನದ ವಿಚಾರ. ಅಲ್ಲಿ ನೀರಿನಲ್ಲಿ ವಾಸಿಸುವ, ಮಾಂಸಕ್ಕೆ ಬರುವ ಪ್ರಾಣಿಗಳ ಪಟ್ಟಿಯಲ್ಲಿ ಆಮೆ, ಏಡಿ, ಮೀನಿನ ಜೊತೆಗೆ ಕುಂಭೀರ, ಮಕರ ಅಂತ ಸ್ಪಷ್ಟವಾಗಿದೆ. ಕುಂಭೀರ ಅಂದ್ರೆ ಮೊಸಳೆ. ಸುಶ್ರುತನದ್ದು ಇನ್ನೂ ಅಚ್ಚುಕಟ್ಟು. ನಮ್ಮ ಡೇಟಾಬೇಸ್ ಟೇಬಲ್ಲಿನ ಹಾಗೆ ವಿಂಗಡಣೆ. ಜೌಗಿನ ಪ್ರಾಣಿಗಳಲ್ಲಿ ಐದು ಬಗೆ: ದಡದಲ್ಲಿ ಓಡಾಡುವವು, ತೇಲುವವು, ಚಿಪ್ಪಿನೊಳಗಿನವು, ಕಾಲುಳ್ಳವು, ಮೀನುಗಳು. ಕಾಲುಳ್ಳವುಗಳ ಗುಂಪಿನಲ್ಲಿ ಆಮೆ, ಮೊಸಳೆ, ಏಡಿ ಒಟ್ಟಿಗೆ. ಇವುಗಳ ಮಾಂಸ ಸಿಹಿ, ತಂಪು, ಜಿಡ್ಡಿನದು, ವಾತಕ್ಕೆ ಒಳ್ಳೇದು, ಕಫ ಹೆಚ್ಚಿಸುತ್ತೆ ಅಂತ ವೈದ್ಯರ ಲೆಕ್ಕ. ಅಸಹ್ಯದ ಮಾತು ಒಂದೂ ಇಲ್ಲ. ನಾವು ಬದನೆಕಾಯಿ ಉಷ್ಣ, ಸೌತೆಕಾಯಿ ತಂಪು ಅಂತೀವಲ್ಲ, ಅದೇ ಧಾಟಿ.

ಇದು ಉತ್ತರದ ಗ್ರಂಥ, ನಮ್ಮ ನಾಡಿಗೆ ಏನು ಸಂಬಂಧ ಅಂತ ನೀವು ಕೇಳಬಹುದು. ಅದಕ್ಕೆ ಮಾನಸೋಲ್ಲಾಸ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, ಆರನೇ ವಿಕ್ರಮಾದಿತ್ಯನ ಮಗ, 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದದ್ದು. ನೂರು ಅಧ್ಯಾಯ. ಆನೆ ಹಿಡಿಯೋದರಿಂದ ಹಿಡಿದು ಅಡುಗೆವರೆಗೆ ಎಲ್ಲ ಇದೆ. ಆಗ ನಮ್ಮ ಸೀಮೆಯ ಹೆಸರು ಬೆಳ್ವೊಲ ಮುನ್ನೂರು, ಅದರ ಮುಖ್ಯ ಪಟ್ಟಣ ಅಣ್ಣಿಗೇರಿ. ಅಂದ್ರೆ ನಮ್ಮ ಹೊಲಗಳು ಇದ್ದದ್ದು ಈ ದೊರೆಯ ರಾಜ್ಯದಲ್ಲೇ.

ಇಡ್ಲಿಯ ಇತಿಹಾಸ ಬರೆಯುವ ಎಲ್ಲರೂ ಈ ಪುಸ್ತಕದ ಅನ್ನಭೋಗ ಅಧ್ಯಾಯವನ್ನ ಹೆಸರಿಸ್ತಾರೆ. ಇಡರಿಕಾ, ದೋಸಿಕಾ, ಪೂರಿಕಾ ಎಲ್ಲ ಅಲ್ಲಿವೆ. ನಾನೂ ಹೆಮ್ಮೆಯಿಂದ ಫಾರ್ವರ್ಡ್ ಮಾಡಿದವನೇ. ಆದರೆ ಅದೇ ಅಧ್ಯಾಯದಲ್ಲಿ ಇನ್ನೂ ಏನಿದೆ ಗೊತ್ತಾ? ಆಮೆಯನ್ನ ಬೆಂಕಿಯಲ್ಲಿ ಸುಟ್ಟು, ಚಿಪ್ಪು ಕಾಲು ತೆಗೆದು, ಮಾಂಸವನ್ನ ಎಣ್ಣೆ ತುಪ್ಪದಲ್ಲಿ ಹದ ಮಾಡೋ ಕ್ರಮ ಇದೆ. ರುಚಿ ಸುಟ್ಟ ಬಾಳೆಕಾಯಿಯ ಹಾಗಂತೆ. ಮೀನನ್ನ ತುಂಡು ಮಾಡಿ ಹುಣಸೆ ರಸದಲ್ಲಿ ಬೇಯಿಸಿ, ಗೋಧಿ ಹಿಟ್ಟು ಸವರಿ, ಕೆಂಪಗೆ ಕರಿದು ಏಲಕ್ಕಿ ಮೆಣಸಿನ ಪುಡಿ ಉದುರಿಸೋದಿದೆ. ಏಡಿ ಇದೆ. ಹೊಳೆದಂಡೆಯಲ್ಲೂ ಹೊಲದಲ್ಲೂ ಸಿಗುವ ಕಪ್ಪು ಇಲಿ ಕೂಡ ಇದೆ! ಬಾಲ ಹಿಡಿದು ಕಾದ ಎಣ್ಣೆಗೆ ಹಾಕಿ ಕೂದಲು ತೆಗೆದು, ಬಿಸಿನೀರಲ್ಲಿ ತೊಳೆದು, ಹುಳಿ ಉಪ್ಪಿನೊಂದಿಗೆ ಬೇಯಿಸಬೇಕು. ಇಲ್ಲವೇ ಕಬ್ಬಿಣದ ಸರಳಿಗೆ ಸಿಕ್ಕಿಸಿ ಕೆಂಡದ ಮೇಲೆ ಸುಟ್ಟು ಉಪ್ಪು ಜೀರಿಗೆ ಉದುರಿಸಬೇಕು. ಬರೆಯುತ್ತಿರುವವನು ಚಕ್ರವರ್ತಿ, ಇದು ಅವನ ಭೋಗಗಳ ಪಟ್ಟಿ.

ಹುಣಸೆ ರಸ, ಗೋಧಿ ಹಿಟ್ಟು, ಕಾದ ಎಣ್ಣೆ. ಹ್ಯೂಸ್ಟನ್ನಿನ ಅಡುಗೆಮನೆಯಲ್ಲಿ ನಾನು ನೋಡಿದ್ದೂ ಅದೇ: ಹುಳಿಗೆ ಮಜ್ಜಿಗೆ, ಗೋಧಿಯ ಬದಲು ಮೆಕ್ಕೆಜೋಳ. ನೀರಿನ ಪ್ರಾಣಿಯ ವಾಸನೆ ಹುಳಿಯಿಂದ ಹೋಗುತ್ತೆ, ಹಿಟ್ಟು ಒಳಗಿನ ರಸ ಹಿಡಿದಿಡುತ್ತೆ. ಯಾರೂ ಯಾರಿಂದಲೂ ಕಲಿಯದೆ ಎರಡು ಕಡೆಯೂ ಒಂದೇ ಉತ್ತರ ಕಂಡುಕೊಂಡಿದ್ದಾರೆ.

ಇನ್ನು ಕನ್ನಡದಲ್ಲಿ ಬರೆದ ಪಾಕಶಾಸ್ತ್ರಕ್ಕೆ ಬಂದರೆ ಚಿತ್ರ ಬೇರೆ. ಸುಮಾರು 1025ರಲ್ಲಿ ಎರಡನೇ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಅಡುಗೆಯ ಭಾಗವಿದೆ. 1500ರ ನಂತರ ಮೂರನೇ ಮಂಗರಸ ಸೂಪಶಾಸ್ತ್ರ ಅನ್ನೋ ಪೂರ್ತಿ ಪುಸ್ತಕವನ್ನೇ ಬರೆದ. ಮಂಗರಸ ಜೈನ, ಅವನ ಅಡುಗೆಯೆಲ್ಲ ಸಸ್ಯಾಹಾರ. ಸೋಮೇಶ್ವರ ತೀರಿಕೊಂಡು ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದೇ ಕಲ್ಯಾಣದಲ್ಲಿ ಬಸವಣ್ಣನವರು ದಯೆಯ ಮಾತಾಡಿದರು. ನಮ್ಮ ಮನೆಯ ಅಡುಗೆ ಆ ದಾರಿಯಿಂದ ಬಂದದ್ದು, ಅದರ ಬಗ್ಗೆ ನನಗೆ ಗೌರವವಿದೆ, ಬಿಡುವ ಯೋಚನೆಯೂ ಇಲ್ಲ. ಆದರೆ ಜೈನ ಕವಿಯ ಅಡುಗೆ ಕನ್ನಡದಲ್ಲಿ ಉಳೀತು, ರಾಜನ ಅಡುಗೆ ಸಂಸ್ಕೃತದಲ್ಲಿ ಉಳೀತು. ಹಳ್ಳದಲ್ಲಿ ಏಡಿ ಹಿಡಿದು ಸಾರು ಕಾಸಿದವರ ಅಡುಗೆಯನ್ನ ಯಾರು ಬರೆದಿಟ್ಟರು? ಬರೆದಿಲ್ಲ ಅಂದ ಮಾತ್ರಕ್ಕೆ "ನಮ್ಮ ಕಡೆ ಯಾರೂ ತಿಂತಿದ್ದಿಲ್ಲ" ಅಂತ ಆಗಿಬಿಡುತ್ತಾ?

ಇಲ್ಲಿ ಒಂದು ವಿಷಯ ಹೇಳಲೇಬೇಕು. ಏಳನೇ ಇಯತ್ತೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನೊಬ್ಬನಿದ್ದ. ಮಳೆಗಾಲದ ಒಂದು ದಿನ ಅವನ ಬುತ್ತಿಯಲ್ಲಿ ಜೋಳದ ರೊಟ್ಟಿ ಜೊತೆ ಏಡಿ ಪಲ್ಯ ಇತ್ತು. ಹಿಂದಿನ ಸಂಜೆ ಅವನೇ ಹಳ್ಳದಲ್ಲಿ ಹಿಡಿದದ್ದು. ಖುಷಿಯಿಂದ ತೋರಿಸಿದ. ನಾವೆಲ್ಲ ಮೂಗು ಮುಚ್ಚಿಕೊಂಡು ಎದ್ದು ದೂರ ಹೋದೆವು. ಒಬ್ಬ "ಇವರು ಇಲಿನೂ ತಿಂತಾರಲೇ" ಅಂದ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಮರುದಿನದಿಂದ ಅವನು ಊಟಕ್ಕೆ ಸಾಲಿ ಹಿಂದಿನ ಗೋಡೆ ಹತ್ತಿರ ಹೋಗುತ್ತಿದ್ದ. ವರ್ಷ ಮುಗಿಯುವವರೆಗೂ ಹಾಗೇ.

ಈಗ ಅವನು ನವಲಗುಂದದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡ್ತಾನೆ. ಊರಿಗೆ ಹೋದಾಗ ಅಂಗಡಿಗೆ ಹೋಗಿ ಕೂತೆ. ಚಹಾ ಕುಡೀತಾ ಸೋಮೇಶ್ವರನ ಇಲಿ, ಏಡಿ, ಆಮೆಯ ಕಥೆಯೆಲ್ಲ ಹೇಳಿದೆ. ಹೊಟ್ಟೆ ಹಿಡಕೊಂಡು ನಕ್ಕ. "ಹಂಗಾರ ನಾವು ರಾಜರ ಊಟಾ ಉಂಡೇವಿ ಅನ್ನು!" ಅಂದ. ಆಮೇಲೆ ಕೈಯಲ್ಲಿದ್ದ ಪಾನಾ ಒರೆಸುತ್ತಾ, "ಇದನ್ನ ಆವಾಗ ಹೇಳಬೇಕಿತ್ತಲೋ ದೋಸ್ತಾ" ಅಂದ.

ನಾನು ತಪ್ಪಾಯಿತು ಅಂದೆ. "ಇರಲಿ ಬಿಡೋ" ಅಂದ. ಅವನ ಅವ್ವ ಏಡಿ ಪಲ್ಯ ಹೇಗೆ ಮಾಡ್ತಿದ್ದಳು ಅಂತ ಕೇಳಿದೆ. ಹುಣಸೆಹುಳಿ, ಹುರಿದು ಕುಟ್ಟಿದ ಗುರೆಳ್ಳು, ಬಳ್ಳೊಳ್ಳಿ, ಕೆಂಪು ಖಾರ. ಎಲ್ಲಿ ಯಾವುದು ಮೊದಲು ಹಾಕಬೇಕು ಅನ್ನೋದರವರೆಗೆ ನೆನಪಿತ್ತು ಅವನಿಗೆ. ಅಂಗಡಿಯ ಬಿಲ್ ಪುಸ್ತಕದ ಹಿಂಬದಿಯಲ್ಲೇ ಬರಕೊಂಡು ಬಂದಿದ್ದೇನೆ. ಇಲ್ಲೂ ಹುಳಿಯೇ ಮೊದಲು ನೋಡಿ.

ನಿಮ್ಮೂರಿನಲ್ಲೂ ಹಳ್ಳ, ಕೆರೆ, ಗದ್ದೆಗಳಿಂದ ಬರುತ್ತಿದ್ದ ಅಡುಗೆಗಳು ಇರಬೇಕು. ತಿನ್ನದವರಾದರೂ ಪರವಾಗಿಲ್ಲ, ಗೊತ್ತಿರುವವರನ್ನ ಕೇಳಿ ಬರೆದಿಡಿ. ಗುರೆಳ್ಳಿನ ಆ ಕ್ರಮವನ್ನ ಅವನ ಒಪ್ಪಿಗೆ ತಗೊಂಡು ಮುಂದಿನ ಬರಹದಲ್ಲಿ ಹಾಕ್ತೀನಿ.