ಮುದ್ದೆ, ಸಾರು ಮತ್ತು ಕಿರಿದಾದ ಜಠರ: ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರದ ಊಟದ ಬಗ್ಗೆ ಉತ್ತರ ಬೆಂಗಳೂರಿನಿಂದ ಒಂದು ವಿಚಾರ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಆಸ್ಪತ್ರೆಯಿಂದ ಹೊರಡುವಾಗ ಕೈಗೊಂದು ಆಹಾರಪಟ್ಟಿ ಬರುತ್ತದೆ. ಮೊದಲ ಒಂದೆರಡು ದಿನ ತಿಳಿ ದ್ರವ, ಎರಡನೇ ವಾರದವರೆಗೆ ಹಾಲು, ಮಜ್ಜಿಗೆ, ಪ್ರೋಟೀನ್ ಪುಡಿ ಕದಡಿದ ಪಾನೀಯ, ಮೂರು-ನಾಲ್ಕನೇ ವಾರ ನುಣ್ಣಗೆ ರುಬ್ಬಿದ್ದು, ಐದು-ಆರನೇ ವಾರ ಮೆತ್ತಗೆ ಬೆಂದದ್ದು, ಅಲ್ಲಿಂದ ಮುಂದೆ ಮಾಮೂಲಿ ಊಟ. ದಿನಗಳ ಲೆಕ್ಕ ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ಹಿಂದುಮುಂದಾದೀತು, ಕ್ರಮ ಎಲ್ಲೆಡೆ ಇದೇ. ಪಟ್ಟಿಯಲ್ಲಿ ತಪ್ಪೇನಿಲ್ಲ. ನನ್ನ ತಕರಾರು ಅದರ ಕೊನೆಯ ಸಾಲಿನದು. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಹಳೆಯ ಮನೆಗಳಲ್ಲಿ ಮಾಮೂಲಿ ಊಟವೆಂದರೆ ಮುದ್ದೆ-ಸಾರು, ಮೇಲೊಂದಿಷ್ಟು ಅನ್ನ, ಕೊನೆಗೆ ಮಜ್ಜಿಗೆ. ಈ ಊಟದ ಪದಾರ್ಥಗಳನ್ನು ದೂರುವಂತಿಲ್ಲ. ತೊಡಕಿರುವುದು ಅವನ್ನು ಉಣ್ಣುವ ರೀತಿಯಲ್ಲಿ. ಅಗಿಯದೆ ನುಂಗುವುದು, ಬಸಿದ ತಿಳಿಯಲ್ಲೇ ಸತ್ವವೆಲ್ಲ ಇದೆಯೆಂದು ನಂಬುವುದು, ಹಿಟ್ಟು-ಅನ್ನಕ್ಕೆ ಮೊದಲ ಜಾಗ ಕೊಟ್ಟು ಕಾಳು-ಪಲ್ಯವನ್ನು ನಂಚಿಕೆಯ ಮಟ್ಟದಲ್ಲಿಡುವುದು: ಈ ಮೂರು ಅಭ್ಯಾಸ ತಿರುಗಿದರೆ ಮನೆಯೂಟವೇ ಚೇತರಿಕೆಗೆ ಆಧಾರವಾಗಬಲ್ಲದು, ತಿರುಗದಿದ್ದರೆ ಎಷ್ಟು ದುಬಾರಿ ಪುಡಿ ತಂದರೂ ಅಷ್ಟಕ್ಕಷ್ಟೇ ಎಂಬುದು ಈ ಲೇಖನದ ವಾದ.

ಮೊದಲು ಹೊಟ್ಟೆಯೊಳಗೆ ಏನಾಗಿರುತ್ತದೆ ಎಂಬುದನ್ನು ನೋಡಬೇಕು. ಇದು ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆಯಲ್ಲ. 2022ರ ಮೇ ತಿಂಗಳಲ್ಲಿ ಅಂಥ ಚಿಕಿತ್ಸೆಯ ನಂತರ ಬೆಂಗಳೂರಿನಲ್ಲಿ ಕಿರುತೆರೆ ನಟಿಯೊಬ್ಬರು ತೀರಿಕೊಂಡಾಗಿನಿಂದ ಜನರ ಮಾತಿನಲ್ಲಿ ಎರಡೂ ಒಂದೇ ಎಂಬಂತಾಗಿದೆ; ಒಂದೇ ಅಲ್ಲ. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಸುಮಾರು ಶೇ 75ರಿಂದ 80 ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಉದ್ದನೆಯ ಕೊಳವೆಯಾಗಿಸುತ್ತಾರೆ. ಆ ಕೊಳವೆಯ ಅಗಲಕ್ಕೆ ಅಳತೆಗೋಲಾಗಿ ಒಳಗಿಳಿಸುವ ನಳಿಗೆಯ ದಪ್ಪ ಸಾಮಾನ್ಯವಾಗಿ 12-13 ಮಿಲಿಮೀಟರ್. ಹಸಿವನ್ನು ಎಬ್ಬಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಜಠರದ ಮೇಲ್ಭಾಗದಲ್ಲಿ. ಅದೂ ಹೋಗುವುದರಿಂದ ಮೊದಲ ತಿಂಗಳುಗಳಲ್ಲಿ ಹಸಿವೇ ಅಷ್ಟಾಗಿ ಕಾಣಿಸುವುದಿಲ್ಲ. ಇನ್ನೊಂದು ಬಗೆ ಬೈಪಾಸ್; 1966ರಲ್ಲಿ ಅಮೆರಿಕದ ಮೇಸನ್ ಮತ್ತು ಇಟೊ ಆರಂಭಿಸಿದ ಆ ಕ್ರಮ ಈಗ ಬಹಳ ಬದಲಾಗಿದೆ. ಇವತ್ತಿನ ರೂಪದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನಷ್ಟೇ ಉಳಿಸಿ, ಸಣ್ಣಕರುಳಿನ ಮೊದಲ ಭಾಗವನ್ನು ಬಳಸಿಕೊಂಡು ಹೋಗುವಂತೆ ಆಹಾರದ ದಾರಿ ತಿರುಗಿಸುತ್ತಾರೆ. ಕಬ್ಬಿಣ, ಕ್ಯಾಲ್ಸಿಯಂಗಳನ್ನು ದೇಹ ಮುಖ್ಯವಾಗಿ ಹೀರಿಕೊಳ್ಳುವುದು ಆ ಭಾಗದಲ್ಲೇ. ಕರ್ನಾಟಕದ ಹೆಂಗಸರಲ್ಲಿ ರಕ್ತಹೀನತೆ ಇರುವವರು ಶೇ 47.8 ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದೇ ಸಮೀಕ್ಷೆಯಲ್ಲಿ ಅತಿತೂಕದ ಹೆಂಗಸರು ಶೇ 30ರ ಆಸುಪಾಸು. ಅಂದರೆ ಆಪರೇಷನ್ ಮೇಜಿನ ಮೇಲೆ ಮಲಗುವ ಹೊತ್ತಿಗೇ ದಪ್ಪ ದೇಹದೊಳಗೆ ಕಬ್ಬಿಣದ ಕೊರತೆ ಕೂತಿರುವುದು ಅಪರೂಪವೇನಲ್ಲ.

ಈಗ ಮುದ್ದೆಗೆ ಬರೋಣ. ಮುದ್ದೆಯನ್ನು ಅಗಿಯುವುದಿಲ್ಲ, ಬೆರಳಲ್ಲಿ ತುಂಡು ಮುರಿದು, ಸಾರಿನಲ್ಲಿ ಅದ್ದಿ, ಗುಳುಕ್ಕನೆ ನುಂಗುವುದೇ ಪದ್ಧತಿ. ಅಗಿದರೆ ಹಲ್ಲಿಗೆ ಅಂಟುತ್ತದೆ, ರುಚಿ ಕೆಡುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ಒಂದೂವರೆ ಲೀಟರ್ ಹಿಡಿಯುವ ಜಠರಕ್ಕೆ ಇದರಿಂದ ತೊಂದರೆಯಿಲ್ಲ, ಅರೆಯುವ ಕೆಲಸ ಅದೇ ಮಾಡಿಕೊಳ್ಳುತ್ತದೆ. ಹೆಬ್ಬೆರಳ ದಪ್ಪದ ಕೊಳವೆಗೆ ಆ ತ್ರಾಣವಿಲ್ಲ. ಅಂಟುಹಿಟ್ಟಿನ ತುತ್ತು ಕೆಳಗಿಳಿಯದೆ ನಿಲ್ಲುತ್ತದೆ, ಎದೆಯ ನಡುವೆ ಒತ್ತಿದಂತಾಗುತ್ತದೆ, ಬಾಯಲ್ಲಿ ನೀರೂರಿ ನೊರೆನೊರೆಯಾಗಿ ವಾಂತಿಯಾಗುತ್ತದೆ. ನಾಲ್ಕಾರು ಸಲ ಹೀಗಾದರೆ ಗಟ್ಟಿ ಊಟವೆಂದರೇ ಹೆದರಿಕೆ ಹುಟ್ಟುತ್ತದೆ. ಮುಂದಿನ ಹೆಜ್ಜೆಯೇ ನಿಜವಾದ ಅಪಾಯ. ಸಲೀಸಾಗಿ ಇಳಿಯುವುದು ಯಾವುದೆಂದು ಹುಡುಕುವ ರೋಗಿಗೆ ಕಾಫಿಯಲ್ಲಿ ಅದ್ದಿದ ರಸ್ಕು, ಬೆಣ್ಣೆ ಬಿಸ್ಕತ್ತು, ಐಸ್‌ಕ್ರೀಮು, ಕಲಸಿದ ಮೊಸರನ್ನ ಸಿಗುತ್ತವೆ. ಬೀದಿಗೊಂದು ಅಯ್ಯಂಗಾರ್ ಬೇಕರಿ ಇರುವ ಊರಿನಲ್ಲಿ ಇವಕ್ಕೇನು ಬರ. ತೂಕ ಇಳಿಯುವುದು ನಿಲ್ಲುತ್ತದೆ, ಸ್ನಾಯು ಮಾತ್ರ ಕರಗುತ್ತಲೇ ಇರುತ್ತದೆ. ಮೂರರಿಂದ ಆರನೇ ತಿಂಗಳಲ್ಲಿ ಕೂದಲು ಉದುರುವುದು ಎಷ್ಟೋ ಮಂದಿಗೆ ಹೇಗೂ ಇದ್ದದ್ದೇ. ಪ್ರೋಟೀನ್ ಸಾಲದಿದ್ದರೆ ಅದೂ ಬಲಿಯುತ್ತದೆ.

ವಾಂತಿಯ ವಿಷಯದಲ್ಲಿ ಇನ್ನೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಇಲ್ಲಿ ತಡವಾದರೆ ಸರಿಪಡಿಸುವುದು ಕಷ್ಟ. ಥಯಮಿನ್, ಅಂದರೆ ಬಿ1 ಜೀವಸತ್ವ, ದೇಹದಲ್ಲಿ ಎರಡು-ಮೂರು ವಾರಕ್ಕೆ ಸಾಲುವಷ್ಟೇ ದಾಸ್ತಾನಿರುತ್ತದೆ. ಪಾಲಿಷ್ ಅಕ್ಕಿಯೂಟಕ್ಕೂ ಬೆರಿಬೆರಿ ರೋಗಕ್ಕೂ ಇರುವ ನಂಟನ್ನು ಜಾವಾದಲ್ಲಿ ಕೋಳಿಗಳ ಮೇಲಿನ ಪ್ರಯೋಗದಿಂದ ಕಂಡ ಐಕ್ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಅದೇ ಕೊರತೆ ಇಂದು ಹವಾನಿಯಂತ್ರಿತ ಆಸ್ಪತ್ರೆಯಿಂದ ಮನೆಗೆ ಬಂದವರಲ್ಲೂ ಕಾಣಿಸಿಕೊಳ್ಳಬಹುದು. ಬಿಡದ ವಾಂತಿ, ಕಣ್ಣು ಮಂಜಾಗುವುದು ಅಥವಾ ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಗೊಂದಲದ ಮಾತು: ಇವು ವರ್ನಿಕೆ ಎಂಬ ಮಿದುಳಿನ ಕಾಯಿಲೆಯ ಗುರುತುಗಳು. ಸುಸ್ತಾದವರನ್ನು ಪಕ್ಕದ ಬೀದಿಯ ಕ್ಲಿನಿಕ್ಕಿಗೆ ಕರೆದೊಯ್ದು ಒಂದು ಬಾಟಲಿ ಗ್ಲೂಕೋಸ್ ಏರಿಸುವುದು ನಮ್ಮಲ್ಲಿ ರೂಢಿ. ಥಯಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಅಲ್ಪಸ್ವಲ್ಪ ಥಯಮಿನ್ನೂ ಖರ್ಚಾಗಿ ಸ್ಥಿತಿ ಬಿಗಡಾಯಿಸುತ್ತದೆ. ಊಟದ ನಂತರ ಎಲೆಅಡಿಕೆ ಹಾಕುವ ಮನೆಗಳಲ್ಲಿ ಅಡಿಕೆಯೂ ಥಯಮಿನ್‌ಗೆ ಅಡ್ಡಿಯೆಂಬುದನ್ನು ಇದಕ್ಕೆ ಸೇರಿಸಬೇಕು. ಹೀಗಾಗಿ ಮುದ್ದೆ ನುಂಗುವ ಚಾಳಿಯನ್ನು ಊಟದ ಮರ್ಯಾದೆಯ ಸಣ್ಣ ವಿಷಯವೆಂದು ಬದಿಗಿಡುವಂತಿಲ್ಲ.

ಎರಡನೆಯದು ತಿಳಿಯ ಮೇಲಿನ ನಂಬಿಕೆ. ಬಸ್ಸಾರು ಮಾಡುವುದನ್ನು ನೆನೆಸಿಕೊಳ್ಳಿ. ಸೊಪ್ಪು ಮತ್ತು ಕಾಳನ್ನು ಒಟ್ಟಿಗೆ ಬೇಯಿಸಿ ಬಸಿಯುತ್ತಾರೆ. ಬಸಿದ ಕಟ್ಟು ಖಾರ ರುಬ್ಬಿದ ಮಸಾಲೆಯೊಂದಿಗೆ ಸಾರಾಗುತ್ತದೆ. ಜರಡಿಯಲ್ಲಿ ಉಳಿದ ಸೊಪ್ಪು-ಕಾಳು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಆಪರೇಷನ್ ಆದವರಿಗೆ ಬರೀ ದ್ರವ ಕೊಡಬೇಕೆಂದಾಗ ಮನೆಯವರು ಕಟ್ಟನ್ನು ಕುಡಿಸಿ ಪಲ್ಯವನ್ನು ತಾವು ತಿನ್ನುತ್ತಾರೆ. ಕಟ್ಟಿನಲ್ಲಿ ರುಚಿ ಇದೆ, ಉಪ್ಪಿದೆ, ಕರಗಿದ ಒಂದಿಷ್ಟು ಜೀವಸತ್ವ-ಖನಿಜಗಳಿವೆ. ಪ್ರೋಟೀನಿನ ಬಹುಪಾಲು ಉಳಿದಿರುವುದು ಕಾಳಿನಲ್ಲಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮುಂದೆ ರಸಂ, ಕಟ್ಟು, ಎಳನೀರುಗಳ ಕೊಡುಗೆ ಲೆಕ್ಕಕ್ಕಿಲ್ಲ. ಪರಿಹಾರ ಅದೇ ಒಲೆಯ ಮೇಲಿದೆ. ಮೂರನೇ ವಾರದಿಂದ ಕಾಳನ್ನು ಕಟ್ಟಿನೊಂದಿಗೇ ಮಿಕ್ಸಿಗೆ ಹಾಕಿ ಸೋಸಿ ಕೊಟ್ಟರೆ ಅದು ರುಬ್ಬಿದ ಹಂತದ ಊಟ. ಇನ್ನು ಹಿತಕಿದ ಅವರೆಬೇಳೆಯಂತೂ ಈ ರೋಗಿಗಳಿಗೆಂದೇ ಯಾರೋ ಯೋಚಿಸಿದಂತಿದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಮಾಗಡಿ ಕಡೆಯ ಸೊಗಡಿನ ಅವರೆ ಬಂದಾಗ ಮನೆಮಂದಿಯೆಲ್ಲ ಕೂತು, ನೆನೆದ ಕಾಳನ್ನು ಎರಡು ಬೆರಳ ನಡುವೆ ಹಿತಕಿ ಸಿಪ್ಪೆ ಹಾರಿಸುತ್ತಾರೆ. ಕಿರಿದಾದ ಜಠರಕ್ಕೆ ಕಷ್ಟವಾಗುವ ನಾರು ಇರುವುದು ಆ ಸಿಪ್ಪೆಯಲ್ಲಿ. ಕಬ್ಬಿಣವನ್ನು ಹಿಡಿದಿಡುವ ಟ್ಯಾನಿನ್ ಹೆಚ್ಚಾಗಿರುವುದೂ ಅಲ್ಲೇ. ಸಿಪ್ಪೆ ಹೋದ ಬೇಳೆ ಬೆಂದು ಮಿದುವಾಗಿ, ಐದನೇ ವಾರದ ಹಂತಕ್ಕೆ ಹೇಳಿಮಾಡಿಸಿದಂತಾಗುತ್ತದೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ರಾಗಿಯನ್ನು ಹೀಗೆ ಹಿಂದಕ್ಕೆ ತಳ್ಳುವುದು ಸರಿಯೆ? ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಯ ಎದುರು ಗೆದ್ದ ಧಾನ್ಯವದು. 1899ರಿಂದ ಬೆಳೆದು ಬಂದ ಹೆಬ್ಬಾಳದ ಕೃಷಿಕ್ಷೇತ್ರ, ಅದರ ಮುಂದುವರಿಕೆಯಾದ ಕೃಷಿ ವಿಶ್ವವಿದ್ಯಾಲಯ, ಜಿಪಿಯು-28ರಂಥ ತಳಿಗಳು ಹೊರಬಂದ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಇವೆಲ್ಲ ಇದೇ ಸೀಮೆಯವು. ರಾಗಿಯ ಬಗ್ಗೆ ಇಲ್ಲಿನವರಿಗೆ ಅಭಿಮಾನವಿರುವುದು ಸಹಜ. ಸಕ್ಕರೆ ಕಾಯಿಲೆಗೆ ಮುದ್ದೆ ಒಳ್ಳೆಯದೆಂಬ ಮಾತೂ ಮನೆಮನೆಯಲ್ಲಿದೆ. ಆಕ್ಷೇಪದ ತೂಕವನ್ನು ಅಂಕಿಗಳಿಂದಲೇ ನೋಡಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ, 7 ಗ್ರಾಂ ಪ್ರೋಟೀನ್. ಎರಡನೇ ತಿಂಗಳಲ್ಲಿರುವ ರೋಗಿ ಒಂದು ಹೊತ್ತಿಗೆ 30 ಗ್ರಾಂ ಹಿಟ್ಟಿನ ಅಂಬಲಿ ಕುಡಿದರೆ ದೊಡ್ಡದು. ಅದರಿಂದ ಸಿಗುವುದು ಸುಮಾರು 110 ಮಿಲಿಗ್ರಾಂ ಕ್ಯಾಲ್ಸಿಯಂ, ಎರಡೇ ಗ್ರಾಂ ಪ್ರೋಟೀನ್. ಬೇಕಾದ ಕ್ಯಾಲ್ಸಿಯಂ 1200ರಿಂದ 1500 ಮಿಲಿಗ್ರಾಂ. ರಾಗಿಯ ಫೈಟೇಟ್ ಅದರಲ್ಲೂ ಒಂದು ಪಾಲನ್ನು ಬಿಟ್ಟುಕೊಡುವುದಿಲ್ಲ. ಅಷ್ಟೇ ತೂಕದ ತೊಗರಿಬೇಳೆ ಆರೂವರೆ ಗ್ರಾಂ ಪ್ರೋಟೀನ್ ಕೊಡುತ್ತದೆ. ಹೊಟ್ಟೆಯಲ್ಲಿ ಜಾಗವೇ ಇಲ್ಲದಿರುವಾಗ ಇರುವ ಜಾಗ ಮೊದಲು ಯಾರಿಗೆ ಎಂಬುದಷ್ಟೇ ಪ್ರಶ್ನೆ. ರಾಗಿ ಒಳ್ಳೆಯದು, ಅದಕ್ಕೆ ಎರಡನೇ ಸರದಿ. ಮೊಳಕೆ ಕಟ್ಟಿ ಬೀಸಿದ ಹಿಟ್ಟಿನಲ್ಲಿ ಫೈಟೇಟ್ ಕಡಿಮೆಯಾಗುವುದು ನಿಜ, ಆದರೆ ಅದನ್ನು ಬೆಲ್ಲ ಹಾಕಿ ಮಾಲ್ಟ್ ಮಾಡಿ ಕೊಟ್ಟರೆ ಬೈಪಾಸ್ ಆದವರಿಗೆ ಅರ್ಧ ಗಂಟೆಯೊಳಗೆ ಎದೆ ಬಡಿದುಕೊಂಡು, ಬೆವರಿ, ಹೊಟ್ಟೆ ಕಿವುಚಿ ಭೇದಿಯಾಗಬಹುದು. ಮಜ್ಜಿಗೆ ಬೆರೆಸಿದ ಉಪ್ಪಂಬಲಿಯೇ ಮೇಲು. ಮುದ್ದೆಯ ರೂಪದ ರಾಗಿ ಬೇಕೇ ಬೇಕೆನ್ನುವವರು ಕೆಲವು ತಿಂಗಳು ಕಾದು, ವೈದ್ಯರ ಒಪ್ಪಿಗೆ ಪಡೆದು, ಸಾರಿನಲ್ಲಿ ಕಿವುಚಿ ಚಮಚದಲ್ಲಿ ತಿನ್ನಲಿ. ಹಳಬರು ಇದನ್ನು ಊಟವೆಂದು ಒಪ್ಪಲಾರರು, ಇರಲಿ.

ಎರಡನೇ ಆಕ್ಷೇಪ ಪುಡಿಯ ಪರವಾದದ್ದು: ಅಳೆದು ಒಂದು ಚಮಚ ಕದಡಿದರೆ 20-25 ಗ್ರಾಂ ಪ್ರೋಟೀನ್ ಸಿಗುವಾಗ ಈ ಅಡುಗೆಮನೆ ಪುರಾಣವೇಕೆ? ಮೊದಲ ಆರು ವಾರದ ಮಟ್ಟಿಗೆ ನಾನಿದನ್ನು ಪೂರ್ತಿ ಒಪ್ಪುತ್ತೇನೆ. ಸಸ್ಯಾಹಾರಿಗಳಿಗೆ ಆಮೇಲೂ ಒಂದು ಚಮಚ ಬೇಕಾಗುತ್ತದೆ: ಅರ್ಧ ಲೀಟರ್ ಹಾಲಿನಿಂದ 16, ಎರಡು ಬಟ್ಟಲು ಬೇಳೆಯಿಂದ 13, ಒಂದು ಬಟ್ಟಲು ಮೊಸರಿನಿಂದ 6, ಒಂದು ತುಂಡು ಪನೀರಿನಿಂದ 9 ಎಂದು ಕೂಡಿಸಿದರೂ 44 ಗ್ರಾಂ ಆಗುತ್ತದೆಯೇ ಹೊರತು 60 ಮುಟ್ಟುವುದಿಲ್ಲ. ಮೊಟ್ಟೆ, ಮೀನು, ಕೋಳಿ ತಿನ್ನುವವರಿಗೆ ದಾರಿ ಸುಲಭ. ಆದರೆ ಪುಡಿಯ ಡಬ್ಬ ಮುಗಿದ ಮೇಲೆ ಮತ್ತೆ ತರಿಸುವವರೆಷ್ಟು ಮಂದಿ ಎಂಬುದು ಬೇರೆ ಪ್ರಶ್ನೆ. ಚೇತರಿಕೆ ಆರು ವಾರದ್ದಲ್ಲ. 1987ರಲ್ಲಿ ಶುರುವಾದ ಸ್ವೀಡನ್ನಿನ ದೀರ್ಘ ಅಧ್ಯಯನದಲ್ಲಿ ತೂಕ ಅತಿ ಹೆಚ್ಚು ಇಳಿದದ್ದು ಮೊದಲ ಒಂದೆರಡು ವರ್ಷಗಳಲ್ಲಿ, ಆಮೇಲೆ ಒಂದಿಷ್ಟು ಮರಳಿ ಏರಿ, ಎಂಟು-ಹತ್ತು ವರ್ಷದ ಹೊತ್ತಿಗೆ ನಿಂತಿತು. ಆ ಏರುವ ವರ್ಷಗಳಲ್ಲಿ ತಟ್ಟೆಯಲ್ಲಿರುವುದು ಮನೆಯೂಟವೇ. ಮೊದಲು ಕಾಳು, ಮೊಟ್ಟೆ ಅಥವಾ ಮಾಂಸ, ಆಮೇಲೆ ತರಕಾರಿ, ಜಾಗ ಉಳಿದರೆ ಹಿಟ್ಟು-ಅನ್ನ. ಊಟದ ಜತೆ ನೀರಿಲ್ಲ, ಮಜ್ಜಿಗೆ ಅರ್ಧ ಗಂಟೆ ಬಿಟ್ಟು. ಈ ಸರದಿಯನ್ನು ಯಾವ ಡಬ್ಬವೂ ಕಲಿಸುವುದಿಲ್ಲ. 2025ರಲ್ಲಿ ಭಾರತಕ್ಕೆ ಬಂದ ಟಿರ್ಜೆಪಟೈಡ್, ವೆಗೋವಿ ಚುಚ್ಚುಮದ್ದುಗಳು ಆಪರೇಷನ್ನನ್ನೇ ಹಿಂದಿಕ್ಕುತ್ತವೆ ಎನ್ನುವವರೂ ಇದ್ದಾರೆ; ಹಸಿವು ಸತ್ತು ತುತ್ತು ಕಡಿಮೆಯಾದಾಗ ಮೊದಲ ತುತ್ತು ಯಾವುದೆಂಬ ಪ್ರಶ್ನೆ ಅವರಿಗೂ ಎದುರಾಗುತ್ತದೆ.

ಮೂರನೆಯದು ಗಟ್ಟಿ ಆಕ್ಷೇಪ. ಉತ್ತರ ಬೆಂಗಳೂರು ಈಗ ಎಲ್ಲಿಯ ಮುದ್ದೆ ಸೀಮೆ? ಥಣಿಸಂದ್ರದ ಅಪಾರ್ಟ್‌ಮೆಂಟಿನಲ್ಲಿ ಬಂಗಾಳಿ, ಬಿಹಾರಿ ಅಡುಗೆಯಿದೆ, ಆರ್.ಟಿ. ನಗರದ ಓಣಿಗಳಲ್ಲಿ ಬಿರಿಯಾನಿಯಿದೆ, ಯಶವಂತಪುರದ ತೆಲುಗು ಮನೆಗಳಲ್ಲಿ ಪಪ್ಪು-ಅನ್ನವಿದೆ. ಎಲ್ಲರಿಗೂ ಹೊಂದುವ ಪಟ್ಟಿ ಸಾಮಾನ್ಯ ಸ್ವರೂಪದ್ದೇ ಆಗಿರಬೇಕಲ್ಲವೆ? ನನ್ನ ಉತ್ತರ ಇದರ ವಿರುದ್ಧ ದಿಕ್ಕಿನದು. ಅಡುಗೆಗಳು ಹಲವಾದಷ್ಟೂ ಸಾಮಾನ್ಯ ಪಟ್ಟಿ ಯಾರ ತಟ್ಟೆಗೂ ಹತ್ತಿರವಾಗುವುದಿಲ್ಲ. ರಂಜಾನಿನಲ್ಲಿ ಹಗಲಿಡೀ ಗುಟುಕು ನೀರಿಲ್ಲದೆ, ಇಫ್ತಾರಿನಲ್ಲಿ ಖರ್ಜೂರ-ಶರಬತ್ತಿನಿಂದ ತೊಡಗುವವರಿಗೆ ನೀರಿನ ಕೊರತೆಯೂ ಸಕ್ಕರೆಯ ಹೊಡೆತವೂ ಒಟ್ಟಿಗೇ ಬರಬಹುದು; ದಿನಕ್ಕೆ ಒಂದೂವರೆ ಲೀಟರ್ ನೀರನ್ನು ಗುಟುಕು ಗುಟುಕಾಗಿ ಮುಗಿಸಲು ಎಚ್ಚರವಿರುವ ಹೊತ್ತೆಲ್ಲ ಬೇಕಾಗುವ ಮೊದಲ ತಿಂಗಳುಗಳಲ್ಲಿ ಉಪವಾಸ ಬೇಡವೆಂದು ಮೊದಲೇ ಮಾತಾಡಿಕೊಳ್ಳಬೇಕು. ಏಕಾದಶಿಗೂ ಇದೇ ಮಾತು. ಇನ್ನು ಯಾವ ಅಡುಗೆಯಾದರೂ ಒಂದು ಸಮಾನ ಸಂಗತಿಯಿದೆ: ಪ್ರಪಂಚದೆಲ್ಲೆಡೆ ಈ ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ಹೆಚ್ಚಿನವರು ಹೆಂಗಸರು, ನಮ್ಮ ಮನೆಗಳಲ್ಲಿ ಬೇಯಿಸುವವರೂ ಕೊನೆಗೆ ಉಣ್ಣುವವರೂ ಅವರೇ. ಎಲ್ಲರಿಗೂ ಬಡಿಸಿದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವುದು ತಿಳಿ ಸಾರು ಮತ್ತು ಅನ್ನ. ಕಾಳು ಅಷ್ಟರಲ್ಲಿ ಖಾಲಿ. ದಿನಕ್ಕೆ ಐದಾರು ಸಲ, ಒಂದೊಂದು ಸಲಕ್ಕೆ ಅರ್ಧ ಗಂಟೆ ಕೂತು, ತುತ್ತನ್ನು ಇಪ್ಪತ್ತು-ಮೂವತ್ತು ಸಲ ಅಗಿಯಬೇಕಾದವಳು ಕೊನೆಯ ಪಂಕ್ತಿಯಲ್ಲಿ ಹತ್ತು ನಿಮಿಷಕ್ಕೆ ಉಂಡೇಳುತ್ತಾಳೆ. ಆದ್ದರಿಂದ ಆಹಾರ ಸಲಹೆಯ ಹೊತ್ತಿನಲ್ಲಿ ರೋಗಿಯ ಪಕ್ಕ ಮನೆಯ ಅಡುಗೆಯ ಯಜಮಾನಿಕೆ ಯಾರದೋ ಅವರೂ ಕೂರಬೇಕು, ಮಾತು ಅವರ ಭಾಷೆಯಲ್ಲಿ ನಡೆಯಬೇಕು. ಗಂಡ ಇಂಗ್ಲಿಷಿನಲ್ಲಿ ಕೇಳಿಸಿಕೊಂಡು ಬಂದದ್ದು ಅತ್ತೆಯ ಒಲೆಯವರೆಗೆ ತಲುಪುವುದಿಲ್ಲ.

ಇಷ್ಟೆಲ್ಲ ಸರಿಹೋದರೂ ಮಾತ್ರೆಗಳನ್ನು ಬಿಡುವಂತಿಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆಯಾದರೂ ಅಂತರ ಬೇಕು, ಕಬ್ಬಿಣದ ಮಾತ್ರೆಯನ್ನು ಕಾಫಿ-ಟೀ ಜತೆ ನುಂಗಬಾರದು. ಎಲ್ಲಕ್ಕಿಂತ ತಡವಾಗಿ ಕೈಕೊಡುವುದು ಬಿ12. ಅದರ ದಾಸ್ತಾನು ಯಕೃತ್ತಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಕರಗಿ ಮುಗಿಯುವ ಹೊತ್ತಿಗೆ ತೂಕ ಇಳಿದ ಸಂಭ್ರಮ ಹಳೆಯದಾಗಿರುತ್ತದೆ, ಆಸ್ಪತ್ರೆಯ ಫೈಲು ಅಟ್ಟ ಸೇರಿರುತ್ತದೆ. ಆಗ ಅಂಗಾಲು ಜೋಮು ಹಿಡಿದರೆ ಹಳೆಯ ಸಕ್ಕರೆ ಕಾಯಿಲೆಯದೇ ಇರಬೇಕೆಂದು ಮನೆಯವರೂ ಬೀದಿಯ ವೈದ್ಯರೂ ಅಂದುಕೊಳ್ಳುವುದು ಸುಲಭ, ಅದರಲ್ಲೂ ಬಿ12 ಇಳಿಸುವ ಮೆಟ್‌ಫಾರ್ಮಿನ್ ಇನ್ನೂ ನಡೆಯುತ್ತಿದ್ದರೆ. ಯಾವ ಆಪರೇಷನ್, ಯಾವ ವರ್ಷ, ಪ್ರತಿವರ್ಷ ಯಾವ ರಕ್ತಪರೀಕ್ಷೆ, ವಾಂತಿಯಾದರೆ ಗ್ಲೂಕೋಸಿಗೆ ಮೊದಲು ಥಯಮಿನ್ ಎಂದು ನಾಲ್ಕು ಸಾಲು ಬರೆದ ಕಾರ್ಡೊಂದು ರೋಗಿಯ ಪರ್ಸಿನಲ್ಲಿದ್ದರೆ, ಸರ್ಜನ್ ಹತ್ತಿರವಿಲ್ಲದ ರಾತ್ರಿ ಮೂಲೆಯ ಕ್ಲಿನಿಕ್ಕಿನ ವೈದ್ಯರು ಮೊದಲು ಓದಬೇಕಾದದ್ದು ಅದನ್ನು.